ಗೇಣಗಲದ ಕಲ್ಲಿದ್ದಲು

ಆಫೀಸಿನಲ್ಲಿ ನನ್ನ ಅರ್ಧ ಕೆಲಸ ಎಸ್ಟಿಮೇಟ್ ಕೊಡೋದು. ಈ ಫೀಚರ್‌ಗೆ ಎಷ್ಟು ದಿನ, ಆ ಬಗ್‌ಗೆ ಎಷ್ಟು ಗಂಟೆ. ಹಾಗಾಗಿ, ಕಲ್ಲಿದ್ದಲಿನ ಪದರ ಕೂಡಿಕೊಳ್ಳಲು ಎಷ್ಟು ವರ್ಷ ಹಿಡಿಯಿತು ಅಂತ ಭೂವಿಜ್ಞಾನಿಗಳು ಅಂದಾಜು ಮಾಡೋ ರೀತಿ ಓದಿದಾಗ, ಇವರೂ ನಮ್ಮ ಪೈಕಿಯವರೇ ಅನ್ನಿಸಿತು.

ರಾಯಚೂರಿನ ಶಕ್ತಿನಗರಕ್ಕೆ ಗೂಡ್ಸ್ ರೈಲಿನಲ್ಲಿ ಬರುವ ಸಿಂಗರೇಣಿ ಕಲ್ಲಿದ್ದಲನ್ನೇ ತಗೊಳ್ಳಿ. ಅದು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು. ನಾಲಿಗೆಯಂಥ ಎಲೆಗಳ ಗ್ಲಾಸಾಪ್ಟೆರಿಸ್ ಮರಗಳು ಜೌಗಿನಲ್ಲಿ ಬಿದ್ದು, ಗಾಳಿ ಸಿಗದೆ, ಪೂರ್ತಿ ಕೊಳೆಯದೆ, ಪೀಟ್ ಎಂಬ ಕಪ್ಪು ರಾಡಿಯಾಗಿ ಕೂಡಿದವು.

ಲೆಕ್ಕ ಶುರುವಾಗೋದು ಇವತ್ತಿನ ಜೌಗುಗಳಿಂದ. ಬೋರ್ನಿಯೋದಂಥ ಬಿಸಿ ನಾಡಲ್ಲಿ ಪೀಟ್ ವರ್ಷಕ್ಕೆ ಸುಮಾರು 1 ಮಿಲಿಮೀಟರ್, ಕೆಲವೆಡೆ ಇನ್ನೂ ಹೆಚ್ಚು ಬೆಳೆಯುತ್ತೆ. ಕೆನಡಾದಂಥ ಚಳಿ ನಾಡಲ್ಲಿ ಅದರರ್ಧ, ಅಥವಾ ಅದಕ್ಕೂ ಕಮ್ಮಿ. ಮೇಲಿನ ಭಾರಕ್ಕೆ 5ರಿಂದ 10 ಸೆಂಟಿಮೀಟರ್ ಪೀಟ್ ಅಮುಕಿಕೊಂಡು 1 ಸೆಂಟಿಮೀಟರ್ ಕಲ್ಲಿದ್ದಲಾಯಿತು ಅಂತಿಟ್ಟುಕೊಳ್ಳಿ. ಅಂದರೆ ಆ ಒಂದು ಸೆಂಟಿಮೀಟರಿಗೆ ಹೆಚ್ಚುಕಮ್ಮಿ 50ರಿಂದ 200 ವರ್ಷ. ಸಿಂಗರೇಣಿಯ ಕಾಡು ಬೆಳೆದದ್ದು ತಂಪು ಹವೆಯಲ್ಲಿ, ಹಾಗಾಗಿ 200ರ ಕಡೆಗೇ ವಾಲಬೇಕು. ಪದರದೊಳಗೆ ಜ್ವಾಲಾಮುಖಿಯ ಬೂದಿ ಸಿಕ್ಕರೆ ಅದೃಷ್ಟ. ಬೂದಿಯಲ್ಲಿನ ಜಿರ್ಕಾನ್ ಹರಳಿನ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದು ವಯಸ್ಸು ಹೇಳಬಹುದು. ಹೀಗೆ ಮೇಲೊಂದು, ಕೆಳಗೊಂದು ಸಿಕ್ಕರೆ ನಡುವಿನ ಅವಧಿಯೂ ಸಿಕ್ಕಂತೆ.

ನಾಲ್ಕು ಪಟ್ಟು ವ್ಯತ್ಯಾಸವಿರೋ ಎಸ್ಟಿಮೇಟ್ ಕೊಟ್ಟರೆ ನಮ್ಮ ಮ್ಯಾನೇಜರ್ ಹುಬ್ಬು ಗಂಟಿಕ್ಕುತ್ತಾರೆ. ಆದರೆ ಇಲ್ಲಿ ಅದರಿಂದ ತೀರ್ಮಾನ ಬದಲಾಗೋದಿಲ್ಲ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ತೆಗೆಯೋಕೆ ಸುಮಾರು 700 ಗ್ರಾಂ ಬೇಕು. ಅಂದರೆ ಗೇಣುದ್ದ, ಗೇಣಗಲ, 1 ಸೆಂಟಿಮೀಟರ್ ದಪ್ಪದ ಒಂದು ಬಿಲ್ಲೆ. 50 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಅದನ್ನು 20 ಗಂಟೆಯಲ್ಲಿ ಮುಗಿಸುತ್ತೆ. ಕಡಿಮೆ ಅಂದಾಜು, 50 ವರ್ಷವೇ ಸರಿ ಅಂತ ಹಿಡಿದರೂ, ಕೂಡಿಟ್ಟದ್ದಕ್ಕಿಂತ 20 ಸಾವಿರ ಪಟ್ಟು ಬೇಗ ಖರ್ಚು ಮಾಡ್ತಿದ್ದೇವೆ.

ನಮ್ಮಪ್ಪ ಈಗಲೂ ಖಾಲಿ ರೂಮುಗಳ ಫ್ಯಾನ್ ಆರಿಸುತ್ತಾ ಓಡಾಡ್ತಾರೆ. ಅವರ ಲೆಕ್ಕ ಬಿಲ್ಲಿನದು. ಈ ಲೆಕ್ಕ ಹೇಳಿದೆ: "ಒಂದು ಯೂನಿಟ್ ಅಂದ್ರೆ ನೂರಾರು ವರ್ಷದ ಎಲೆ ಅಪ್ಪಾ."

"ಹಾಗಿದ್ರೆ ಮೊದಲು ಆ ಗೀಸರ್ ಆರಿಸು," ಅಂದರು. "ಅರ್ಧ ಗಂಟೆ ಆಯ್ತು."