ಹಿತ್ತಿಲಿಗೆ ಬಂದ ಅಪ್ಪೆಮರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಬಾಳೆಲೆಯ ತುದಿಗೆ ಮಿಡಿ ಉಪ್ಪಿನಕಾಯಿ ಬೀಳದ ಊಟ ಪೂರ್ಣವಾದ ಊಟವೆನಿಸುವುದಿಲ್ಲ. ಆ ಮಿಡಿಯನ್ನು ಕೊಡುವ ಮರವೇ ಅಪ್ಪೆ. ಮಾವಿನ ಕುಲಕ್ಕೆ ಸೇರಿದ ಈ ಮರದ ಸ್ಥಿತಿ ವಿಚಿತ್ರವಾದುದು. ಮಿಕ್ಕ ಮಾವಿಗೆ ಹಣ್ಣಿನಿಂದ ಬೆಲೆಯಾದರೆ, ಅಪ್ಪೆಗೆ ಹಣ್ಣಾಗುವ ಮುನ್ನವೇ ಬೆಲೆ. ಅದರ ಕೀರ್ತಿಗೂ ಕೇಡಿಗೂ ಕಾರಣ ಇದೊಂದೇ ಆಗಿದೆ.

ಅಪ್ಪೆಯ ತವರು ಹೊಳೆಯ ದಂಡೆ. ಅಘನಾಶಿನಿ, ಬೇಡ್ತಿ, ಶರಾವತಿಗಳ ಇಕ್ಕೆಲಗಳಲ್ಲಿ, ಅವನ್ನು ಕೂಡುವ ಹಳ್ಳಗಳ ಅಂಚಿನಲ್ಲಿ ಯಾರೂ ನೆಡದೆ ಬೆಳೆದ ಮರಗಳಿವು. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪೆ, ಜೀರಿಗೆ ಅಪ್ಪೆ ಎಂದು ಜನ ಇವನ್ನು ಹೆಸರಿಟ್ಟು ಗುರುತಿಸುತ್ತಾರೆ. ಒಂದರ ಸೊನೆಯಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಕರ್ಪೂರದ ಘಮ. ಒಂದು ಉದ್ದ, ಒಂದು ದುಂಡು. ಈ ಸೊನೆಯೇ ಮಿಡಿಯ ಸತ್ವ. ಆದುದರಿಂದಲೇ ಬಲ್ಲವರು ಮಿಡಿಯನ್ನು ತೊಟ್ಟು ಸಹಿತ ಕೊಯ್ದು, ನೆಲಕ್ಕೆ ಉದುರಿಸದೆ ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸುತ್ತಾರೆ. ಪೆಟ್ಟು ಬಿದ್ದ ಒಂದು ಮಿಡಿ ಇಡೀ ಭರಣಿಯನ್ನೇ ಕೆಡಿಸಬಲ್ಲದು. ಸರಿಯಾಗಿ ಉಪ್ಪಿನಲ್ಲಿ ಹಾಕಿದ್ದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿರುವುದು ಈ ಗುಣವಿಶೇಷದಿಂದಲೇ.

ಇಂತಹ ಮರ ವಿರಳವಾಗುತ್ತಿರುವುದೇಕೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆ ಮುಳುಗಿದಾಗ ದಂಡೆಯ ಅಪ್ಪೆಮರಗಳೂ ನೀರಿನ ಪಾಲಾದವು. ಮಿಡಿಗೆ ಪೇಟೆಯಲ್ಲಿ ಬೆಲೆ ಬಂದ ಮೇಲೆ, ಮರ ಹತ್ತಿ ಗೊಂಚಲು ಕೊಯ್ಯುವ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಕೆಡವತೊಡಗಿದರು. ಇವೆರಡೂ ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಕಾರಣ ಇನ್ನೂ ಗಂಭೀರವಾದುದು. ಮಿಡಿಯನ್ನು ಗೊರಟು ಬಲಿಯುವ ಮೊದಲೇ ಕೊಯ್ಯಬೇಕು. ಮರದ ಮಿಡಿಯೆಲ್ಲ ಭರಣಿ ಸೇರಿದರೆ ಹಣ್ಣಾಗುವುದು ಯಾವುದು? ಹಣ್ಣೇ ಆಗದಿದ್ದರೆ ಬೀಜವೆಲ್ಲಿ, ಬುಡದಲ್ಲಿ ಏಳಬೇಕಾದ ಸಸಿಯೆಲ್ಲಿ? ಮರವನ್ನು ಕಡಿಯದೆಯೂ ಅದರ ಸಂತತಿಯನ್ನು ಕಡಿಯಬಹುದೆಂಬುದಕ್ಕೆ ಅಪ್ಪೆಯೇ ಸಾಕ್ಷಿ.

ಸಿದ್ದಾಪುರ ತಾಲೂಕಿನ ಒಂದು ಮನೆಯ ನಿದರ್ಶನ ಇಲ್ಲಿ ಮನನೀಯವಾಗಿದೆ. ಆ ಮನೆಯವರು ಮೂರು ತಲೆಮಾರಿನಿಂದ ಹಳ್ಳದ ಅಂಚಿನ ಒಂದೇ ಮರದ ಮಿಡಿಯನ್ನು ಭರಣಿಗೆ ತುಂಬುತ್ತ ಬಂದಿದ್ದರು. ಒಂದು ವರ್ಷ ಯಾರೋ ರಾತ್ರೋರಾತ್ರಿ ಕೊಂಬೆಗಳನ್ನು ಕಡಿದು ಮಿಡಿ ಒಯ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಮರ ಒಣಗಿತು. ಮನೆಯ ಹಿರಿಯ ಅಮ್ಮನವರು ಆ ವರ್ಷ ಬೇರೆ ಮರದ ಮಿಡಿ ತರಿಸಿ ಹಾಕಿದರಾದರೂ, ಭರಣಿಯ ಬಾಯಿ ಬಿಚ್ಚಿದಾಗ ಏನೂ ಹೇಳದೆ ಮತ್ತೆ ಮುಚ್ಚಿದರಂತೆ. ಮರ ಹಸಿರಾಗಿದ್ದ ಕಾಲದಲ್ಲಿ ಅಳಿಯನೊಬ್ಬ ಅದರ ಕಡ್ಡಿ ಒಯ್ದು ಯಲ್ಲಾಪುರದ ಕಡೆಯ ತನ್ನ ಮನೆಯಲ್ಲಿ ಕಸಿ ಕಟ್ಟಿದ್ದ. ಅದರಿಂದ ಮರಳಿ ತಂದ ಕಡ್ಡಿಯೇ ಇಂದು ಅವರ ಬಚ್ಚಲುಮನೆಯ ಹಿಂದೆ ಮರವಾಗಿ ನಿಂತಿದೆ. ಹಳ್ಳದಂಚಿನಲ್ಲಿ ಅಳಿದುದು ಹಿತ್ತಿಲಿನಲ್ಲಿ ಉಳಿಯಿತು. ತಾನು ಒಯ್ದು ಬೆಳೆಸಿದುದನ್ನು ಆತ ತನ್ನದೆಂದು ಬಚ್ಚಿಡದಿದ್ದುದರಿಂದ ಉಳಿಯಿತು.

ಕಸಿಯೇ ಏಕೆ ಬೇಕೆಂದರೆ, ಅಪ್ಪೆಯ ಗೊರಟು ಬಿತ್ತಿದರೆ ತಾಯಿಮರದ ಗುಣ ಹಾಗೆಯೇ ಬರುವುದೆಂಬ ಭರವಸೆ ಇಲ್ಲ. ಪರಾಗದಲ್ಲಿ ಬೇರೆ ಮಾವಿನ ಗುಣ ಬೆರೆತಿರುತ್ತದೆ. ಕಾಟುಮಾವಿನ ಎಳೆಯ ಸಸಿಯ ತುದಿ ಕತ್ತರಿಸಿ, ನಡುವೆ ಸೀಳಿ, ಅಷ್ಟೇ ದಪ್ಪದ ಅಪ್ಪೆಯ ಕಡ್ಡಿಯನ್ನು ಬೆಣೆಯಂತೆ ಹೆರೆದು ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುವುದು ವಾಡಿಕೆ. ಗಾಳಿಯಲ್ಲಿ ತೇವವಿರುವ ಮಳೆಗಾಲ ಇದಕ್ಕೆ ಪ್ರಶಸ್ತ.

ನೆಡುವವರು ಗಮನಿಸಬೇಕಾದುದು ಹೆಚ್ಚಿಲ್ಲ. ಅಡಿಕೆ ತೋಟದ ನೆರಳು ಅಪ್ಪೆಗೆ ಸಲ್ಲದು. ಬಿಸಿಲು ಬೀಳುವ ಹಿತ್ತಿಲು ಅಥವಾ ಬೆಟ್ಟದ ಅಂಚು ಬೇಕು. ಸುತ್ತ ಮೂವತ್ತು ಅಡಿಗಳಷ್ಟು ಜಾಗ ಬಿಟ್ಟು, ನೀರು ನಿಲ್ಲದಂತೆ ನೋಡಿ, ಕಸಿಯ ಗಂಟು ಮಣ್ಣಿನ ಮೇಲಿರುವಂತೆ ನೆಡಬೇಕು. ಮೊದಲೆರಡು ವರ್ಷ ಹೂ ಬಂದರೆ ಚಿವುಟಿ, ಗಿಡಕ್ಕೆ ಬಲ ಬರಲು ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಆಗಿಂದಾಗ್ಗೆ ತೆಗೆಯುತ್ತಿರಬೇಕು. ಅದು ಕಾಟುಮಾವಿನ ಚಿಗುರು. ಬಿಟ್ಟರೆ ಅದೇ ಬಲಿತು ಅಪ್ಪೆಯ ಕಡ್ಡಿಯನ್ನು ಒಣಗಿಸುತ್ತದೆ. ಗಿಡ ಹಸಿರಾಗಿಯೇ ಬೆಳೆಯುವುದರಿಂದ ಮನೆಯವರಿಗೆ ನಷ್ಟದ ಅರಿವಾಗುವುದು ಕಾಯಿ ಬಿಟ್ಟ ಮೇಲೆ. ಹೊರಗಿನ ಹಸಿರನ್ನೇ ನಂಬಿ ಒಳಗಿನ ಗುಣವನ್ನು ಕಳೆದುಕೊಳ್ಳುವುದು ಹೀಗೆ.

ಹಿತ್ತಿಲಿನಲ್ಲಿ ಕಸಿಗಿಡವಿದೆಯೆಂದು ಹೊಳೆದಂಡೆಯ ಮರವನ್ನು ಮರೆಯಲಾಗದು. ಕಸಿ ಒಂದು ಮರವನ್ನು ಉಳಿಸುತ್ತದೆಯೇ ಹೊರತು ಹೊಸ ಮರವನ್ನು ಹುಟ್ಟಿಸುವುದಿಲ್ಲ. ನೂರು ಮನೆಗಳಲ್ಲಿ ಒಂದೇ ಹೆಸರಿನ ಕಸಿ ನೆಟ್ಟರೆ ಉಳಿದದ್ದು ಒಂದೇ ಅಪ್ಪೆ. ಜೀರಿಗೆಯ ಪರಿಮಳದ ಮರವಾಗಲಿ, ಕರ್ಪೂರದ ಘಮದ ಮರವಾಗಲಿ ಮೊದಲು ಹುಟ್ಟಿದ್ದು ಯಾವುದೋ ಮಳೆಗಾಲದಲ್ಲಿ, ಕೊಯ್ಯದೆ ಉಳಿದು ಹಣ್ಣಾಗಿ ಬಿದ್ದ ಕಾಯಿಯ ಬೀಜದಿಂದ. ಆದುದರಿಂದ ಕಾಡಿನ ಅಪ್ಪೆಯಲ್ಲಿ ಮಿಡಿ ಕೊಯ್ಯುವವರು ಒಂದು ಕೊಂಬೆಯನ್ನಾದರೂ ಹಾಗೆಯೇ ಬಿಟ್ಟಿಳಿಯುವುದು ಧರ್ಮ. ಆ ಕೊಂಬೆಯ ಕಾಯಿಯನ್ನು ಮಂಗ ತಿನ್ನಲಿ, ಬಾವಲಿ ಒಯ್ಯಲಿ. ಗೊರಟು ಮಣ್ಣಿಗೆ ಬಿದ್ದರೆ ಸಾಕು.

ತಮ್ಮ ಊರಿನ ಹಳ್ಳದಂಚಿನಲ್ಲಿ ಇನ್ನೂ ಹೆಸರಿಲ್ಲದ ಒಂದು ಅಪ್ಪೆ ನಿಂತಿರುವುದನ್ನು ಬಲ್ಲ ಬಂಧುಗಳು ಈ ಮಳೆಗಾಲದಲ್ಲಿ ಅದರ ಎರಡು ಕಡ್ಡಿಗಳನ್ನು ತಂದು ಕಸಿ ಕಟ್ಟಲಿ. ಒಂದು ತಮ್ಮ ಹಿತ್ತಿಲಿಗೆ, ಇನ್ನೊಂದು ನೆರೆಮನೆಯ ಹಿತ್ತಿಲಿಗೆ.