ಚಿನ್ನದ ಊರಿನ ಚಳಿಗಾಲ

ಕುಂದಾಪುರದ ಕಡಲಗಾಳಿಗೆ ಒಗ್ಗಿದ ನಮಗೆ ಕೋಲಾರ ಚಿನ್ನದ ಗಣಿಯ ಮಾಗಿಚಳಿ ಹೊಸದು. ಮುಂಜಾವಿನ ಮಂಜಿನಲ್ಲಿ ಹಿಮದ ಗುಡ್ಡಗಳಂತೆ ಕಂಡವು ಸಯನೈಡ್ ದಿಬ್ಬಗಳು. ಚಿನ್ನ ತೆಗೆದುಳಿದ ಕಲ್ಲಿನ ಪುಡಿಯ ರಾಶಿಗಳವು.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿಗಾರಿಕೆ ಕೈಗೊಂಡರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದಿತು. ಆಂಗ್ಲರ ಬಂಗಲೆಗಳು, ಕ್ಲಬ್ಬು, ಇಗರ್ಜಿಗಳು ಆ ವೈಭವವನ್ನು ಇಂದಿಗೂ ಸಾರುತ್ತಿವೆ. ಆದರೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು ಚಿನ್ನ ತಂದ ಕಾರ್ಮಿಕರು ಬಾಳಿದ್ದು ಇಕ್ಕಟ್ಟಾದ ಮನೆಸಾಲುಗಳಲ್ಲಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳಲ್ಲಿ ಅನೇಕರು ಈಗ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಅಲ್ಲಿಗೆ ಹೋಗುವ ವಾಚಕ ಬಂಧುಗಳು ಬಂಗಲೆಗಳನ್ನಷ್ಟೇ ಕಂಡು ಮರಳದಿರಲಿ. ಆ ಮನೆಸಾಲುಗಳ ಮುಂದೆಯೂ ಒಂದು ಗಳಿಗೆ ನಿಲ್ಲಲಿ. ನಮ್ಮ ಮನೆಗಳ ಒಡವೆಗಳ ಹಿಂದಿರುವ ಬೆವರು ಆಗ ಅರಿವಿಗೆ ಬಂದೀತು.