ಸಪ್ಪಳದ ಗುರುತು

ಕಳೆದ ಶ್ರಾವಣ ಮಾಸದಲ್ಲಿ ನಮ್ಮ ತಮ್ಮನ ಮಗನು ಅಮೇರಿಕೆಯಿಂದ ರಜೆಯ ಮೇಲೆ ಬಂದು ಬೀದರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದನು. ಒಂದು ಮುಂಜಾನೆ ನಾವು ಪೂಜೆಯನ್ನು ಮುಗಿಸಿಕೊಂಡು ಹಿತ್ತಲ ಕಡೆಗೆ ಹೋದಾಗ, ಅವನು ಬಟ್ಟೆ ಒಗೆಯುವ ಯಂತ್ರದ ಎದುರು ಕಣ್ಣು ಮುಚ್ಚಿಕೊಂಡು ಕುಳಿತಿದ್ದನು. ಏನೆಂದು ಕೇಳಿದೆವು.

“ದೊಡ್ಡಪ್ಪಾ, ಇದರ ಬೆಲ್ಟ್ ಜಾರ್ಲತದ ನೋಡ್ರಿ. ತಿರುಗೂ ಮುಂಚೆ ಸಣ್ಣಗ ಚೀಂವ್ ಅಂತದ” ಎಂದನು.

ನಮಗೆ ಯಾವ ಚೀಂವ್ ಎಂಬುದೂ ಕೇಳಿಸಲಿಲ್ಲ. ಇಲ್ಲದ್ದನ್ನು ಕೇಳುತ್ತಿದ್ದಾನೆಂದು ನಕ್ಕು ಒಳಗೆ ಬಂದೆವು. ಕಿವಿಯ ವಿಷಯದಲ್ಲಿ ನಮಗೆ ಸ್ವಲ್ಪ ಅಭಿಮಾನವುಂಟು, ಅದನ್ನು ಮುಚ್ಚಿಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ಮಠದಲ್ಲಿ ಗುರುಗಳ ಎದುರು ಕುಳಿತು ವಚನಗಳನ್ನು ಬಾಯಿಪಾಠ ಮಾಡಿದವರು ನಾವು. ಹ್ರಸ್ವ ದೀರ್ಘವಾದರೆ, ಅಲ್ಪಪ್ರಾಣ ಮಹಾಪ್ರಾಣವಾದರೆ ಗುರುಗಳು ಕಣ್ಣು ತೆರೆಯದೆಯೇ ತಡೆಯುತ್ತಿದ್ದರು. ಅದೇ ಕಿವಿ ನಮಗೂ ಬಂದಿದೆಯೆಂದು ನಂಬಿ ನಾಲ್ಕು ದಶಕ ಪಾಠ ಹೇಳಿದ್ದೇವೆ.

ಆ ರಾತ್ರಿ ಊಟವಾದ ಮೇಲೆ ಹುಡುಗನು ಒಂದು ವಿಚಿತ್ರ ಸಂಗತಿಯನ್ನು ಹೇಳಿದನು. ಅಲ್ಲಿ ಹಳೆಯ ಬಟ್ಟೆ ಒಗೆಯುವ ಯಂತ್ರಗಳನ್ನು ಸಂಗ್ರಹಿಸುವ ಜನರಿದ್ದಾರಂತೆ. ನಮ್ಮಲ್ಲಿ ಹಳೆಯ ನಾಣ್ಯಗಳನ್ನು, ತಾಳೆಗರಿಗಳನ್ನು ಕೂಡಿಡುವಂತೆ ಅವರು ನೆಲಮಾಳಿಗೆಯಲ್ಲಿ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ದುರಸ್ತಿ ಮಾಡಿ, ಇಂದಿಗೂ ಬಟ್ಟೆ ಒಗೆಯುತ್ತಾರೆ. ಅವರಲ್ಲಿ ನುರಿತವರು ಕಣ್ಣಿಗೆ ಕಾಣದ ಯಂತ್ರವನ್ನು ಸಪ್ಪಳದಿಂದಲೇ ಗುರುತಿಸಿ, ಇಂಥ ಕಂಪನಿಯದು, ಇಂಥ ಕಾಲದ್ದು ಎಂದು ಹೇಳಬಲ್ಲರು.

ಇದು ಹೇಗೆ ಸಾಧ್ಯವೆಂದು ಕೇಳಿದೆವು. ಪ್ರತಿಯೊಂದು ಯಂತ್ರದ ಒಳಗಿನ ರಚನೆ ಬೇರೆ, ಆದುದರಿಂದ ಧ್ವನಿಯೂ ಬೇರೆ ಎಂದನು. ವರ್ಲ್‌ಪೂಲ್ ಕಂಪನಿಯ ಹಳೆಯ ಬೆಲ್ಟಿನ ಯಂತ್ರಗಳಲ್ಲಿ ಒಗೆಯುವ ಕೆಲಸದಿಂದ ಹಿಂಡುವ ಕೆಲಸಕ್ಕೆ ಹೊರಳಿಸಲು ವಿದ್ಯುತ್ ಅಯಸ್ಕಾಂತಗಳಿದ್ದವು. ಅವು ಎಳೆದಾಗ ‘ಠಕ್’ ಎಂಬ ಸದ್ದು ಬರುತ್ತದೆ. ಆ ಒಂದು ಠಕ್ಕಿನಿಂದಲೇ ಬಲ್ಲವರು ಯಂತ್ರದ ಕುಲವನ್ನು ಹೇಳಿಬಿಡುತ್ತಾರೆ. ಐಯೋವಾ ಪ್ರಾಂತದ ನ್ಯೂಟನ್ ಎಂಬ ಊರಿನಲ್ಲಿ ಮೇಟ್ಯಾಗ್ ಎಂಬ ಪ್ರಸಿದ್ಧ ಕಂಪನಿಯಿತ್ತು. 2006ರಲ್ಲಿ ಅದನ್ನು ವರ್ಲ್‌ಪೂಲಿನವರು ಕೊಂಡರು. ಮರುವರ್ಷವೇ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು. ತಯಾರಿಸಿದ ಕಾರ್ಖಾನೆಯೇ ಇಲ್ಲವಾದ ಮೇಲೂ ಅದರ ಯಂತ್ರಗಳ ದನಿಯನ್ನು ಬಲ್ಲವರು ಉಳಿದಿದ್ದಾರೆ.

ಅದೇ ಮೇಟ್ಯಾಗಿನ ಇನ್ನೊಂದು ಸಂಗತಿ ನಮ್ಮನ್ನು ಎದ್ದು ಕುಳಿತುಕೊಳ್ಳುವಂತೆ ಮಾಡಿತು. ಅಮೇರಿಕೆಯ ಹಳ್ಳಿಗಳಿಗೆ ವಿದ್ಯುತ್ತು ಇನ್ನೂ ಬಾರದಿದ್ದ ಕಾಲದಲ್ಲಿ ಆ ಕಂಪನಿಯವರು ಒಗೆಯುವ ಯಂತ್ರದ ಕೆಳಗೆ ಪೆಟ್ರೋಲಿನ ಪುಟ್ಟ ಎಂಜಿನ್ನನ್ನು ಕೂಡಿಸಿ ಮಾರುತ್ತಿದ್ದರಂತೆ. ರೈತನ ಹೆಂಡತಿ ಮೋಟಾರು ಸೈಕಲ್ಲಿಗೆ ಒದೆಯುವಂತೆ ಪೆಡಲನ್ನು ಒದ್ದು ಅದನ್ನು ಶುರುಮಾಡಬೇಕು! ಮೊದಲಿನವು ಒಂದು ಸಿಲಿಂಡರಿನವು. 1937ರ ನಂತರ ಎರಡು ಸಿಲಿಂಡರಿನವೂ ಬಂದವು. ಹುಡುಗನು ಎರಡರ ಧ್ವನಿಯನ್ನೂ ಮೊಬೈಲಿನಲ್ಲಿ ಕೇಳಿಸಿದನು. ಒಂದು ಬಿಡಿಬಿಡಿಯಾಗಿ ಬಡಿಯುತ್ತದೆ, ಇನ್ನೊಂದು ಒತ್ತೊತ್ತಾಗಿ ಉಸಿರು ಬಿಡುತ್ತದೆ. ಮೂರನೆಯ ಸಲಕ್ಕೆ ನಾವು ತಪ್ಪಿಲ್ಲದೆ ಗುರುತಿಸಿದೆವು.

ಗುರುತಿಸಲು ಕಾರಣವೂ ಇತ್ತು. ನಾವು ಹುಟ್ಟಿದ್ದು ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಬಾಲ್ಯದಲ್ಲಿ ಅಲ್ಲಿ ಹಿಟ್ಟಿನ ಗಿರಣಿ ನಡೆಯುತ್ತಿದ್ದುದು ಎಣ್ಣೆಯ ಎಂಜಿನ್ನಿನಿಂದ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯ ಎಂಜಿನ್ನುಗಳು ಗುಜರಾತದ ರಾಜಕೋಟದಲ್ಲಿ ತಯಾರಾಗಿ ಹಳ್ಳಿಹಳ್ಳಿಗೂ ಬಂದಿದ್ದವು. ಎದೆಯೆತ್ತರದ ಗಾಲಿಗಳೆರಡು, ನಡುವೆ ಒಂದೇ ಸಿಲಿಂಡರು. ಗಾಲಿ ನಿಮಿಷಕ್ಕೆ 650 ಸುತ್ತು ಸುತ್ತುತ್ತಿತ್ತು. ಎರಡು ಸುತ್ತಿಗೊಮ್ಮೆ ಒಳಗೆ ಎಣ್ಣೆ ಸಿಡಿಯುತ್ತದೆಯಾದ್ದರಿಂದ ನಿಮಿಷಕ್ಕೆ 325 ಬಡಿತ. ಈ ಲೆಕ್ಕ ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ. ಬಾಲ್ಯದಲ್ಲಿ ತಿಳಿದದ್ದು ಬಡಿತ ಮಾತ್ರ. ಹೊಗೆಕೊಳವೆಯ ತುದಿಗೆ ಗಿರಣಿಯವನು ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿದ್ದನು. ಅದರಿಂದ ‘ಕುಕ್ ಕುಕ್’ ಎಂಬ ದನಿ ಹೊಲಗಳಾಚೆಗೂ ಕೇಳುತ್ತಿತ್ತು. ಅದು ಕೇಳಿದೊಡನೆ ನಮ್ಮ ಅವ್ವ ಜೋಳದ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಡುವಳು. ಬಡಿತ ಭಾರವಾಗಿ ನಿಧಾನವಾದರೆ “ಕಲ್ಲು ಬಿಗಿ ಮಾಡ್ಯಾನ, ಹಿಟ್ಟು ಸುಡ್ತದ, ರೊಟ್ಟಿ ಹರೀತಾವ” ಎಂದು ಮನೆಯಲ್ಲಿಯೇ ಕುಳಿತು ಹೇಳುವಳು. ಪಕ್ಕದೂರಿನ ಗಿರಣಿಯ ದನಿ ಬೇರೆ. ಗಾಳಿ ತಿರುಗಿದ ದಿನ ಎರಡೂ ಕೇಳಿದರೆ ಯಾವುದು ಯಾರದೆಂದು ಎಮ್ಮೆ ಕಾಯುವ ಹುಡುಗರೂ ಬಲ್ಲರು. ಅಮೇರಿಕೆಯ ಸಂಗ್ರಾಹಕರಿಗೆ ನಮ್ಮ ಅವ್ವನಂಥವರು ಸಿಕ್ಕಿದ್ದರೆ ಅವರು ಆಕೆಯ ಕಾಲಿಗೆ ಬೀಳುತ್ತಿದ್ದರೋ ಏನೋ.

ಈ ಉತ್ಸಾಹದಲ್ಲಿ ನಾವು ಹುಡುಗನಿಗೆ, ಎಷ್ಟು ಧ್ವನಿಗಳಿವೆಯೋ ಅಷ್ಟನ್ನೂ ಕೇಳಿಸು, ಹೇಳುತ್ತೇವೆ ಎಂದೆವು. ಮೊದಲಿನವು ಸರಿಹೋದವು. ಮೋಟಾರಿನ ಗುಂಯ್‌ಕಾರ, ನೀರಿನ ಧುಮುಕಾಟ, ಗೇರಿನ ಗರಗರ, ಎಲ್ಲ ಬೇರೆ ಬೇರೆಯಾಗಿ ಕೇಳಿಸಿದವು. ಆಮೇಲೆ ಅವನು ಒಂದನ್ನು ಹಚ್ಚಿ ನಮ್ಮ ಮುಖವನ್ನು ನೋಡಿದನು. ಇನ್ನೂ ಶುರುವಾಗಿಲ್ಲವೆಂದು ನಾವು ಕಾದೆವು.

“ಮುಗೀತು ದೊಡ್ಡಪ್ಪಾ” ಎಂದನು. ಅದು ಹಳೆಯ ಯಂತ್ರವೊಂದರ ಗಡಿಯಾರದ ಟಿಕ್ ಟಿಕ್, ಅದರೊಡನೆ ಬೆಲ್ಟಿನ ಕೀರಲು ದನಿ. ಮತ್ತೆ ಹಚ್ಚಿದನು. ನಮಗೆ ಮೌನವೇ ಕೇಳಿಸಿತು. ಅಡಿಗೆಮನೆಯಲ್ಲಿದ್ದ ಸೊಸೆ ಹೊರಗೆ ಬಂದು, “ನಮ್ಮ ಮಷಿನ್ನೂ ಹಂಗೇ ಚೀರ್ಲತದಲ್ರಿ ಮಾವಾರ, ಎರಡು ತಿಂಗಳಾತು. ನಿಮಗ ಕೇಳ್ತದ ಅಂತ ತಿಳ್ಕೊಂಡಿದ್ದೆ” ಎಂದಳು. ಆ ಮಾತಿನಲ್ಲಿ ಕುಂದು ಇರಲಿಲ್ಲ. ಆದರೂ ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಮಿಸ್ತ್ರಿ ಬಂದನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ ಆಲಿಸಿದನು. ಬೇರಿಂಗು ಸರಿಯಿದೆ, ಬೆಲ್ಟು ಒಂದೇ ಹೋಗಿದೆ ಎಂದನು. ಮೋಟಾರು ತಿರುಗದೆ ಬರೀ ಗುಂಯ್ ಎಂದರೆ ಕೆಪಾಸಿಟರು, ಹಿಂಡುವಾಗ ಬಿರುಗಾಳಿಯಂತೆ ಮೊರೆದರೆ ಬೇರಿಂಗು, ಮುಚ್ಚಳ ತೆಗೆದಾಗ ಕಿರುಚಿದರೆ ಬ್ರೇಕು ಎಂದು ನಮಗೂ ಪಾಠ ಹೇಳಿದನು. ಅವನಿಗೆ ಶಾಲೆಯ ಓದು ಹೆಚ್ಚಿಲ್ಲ. ಬೆಲ್ಟು ಬದಲಾಯಿಸಿ, ಈಗ ಚೀಂವ್ ನಿಂತಿತಲ್ಲವೇ ಎಂದು ನಮ್ಮನ್ನೇ ಕೇಳಿದನು. ನಾವು ಹೌದೆಂದು ತಲೆಯಾಡಿಸಿದೆವು. ಅದು ಸುಳ್ಳು.

ಆ ವಾರವೇ ಶ್ರವಣ ಪರೀಕ್ಷೆಗೆ ಹೋದೆವು. ವೈದ್ಯರು ಕಾಗದದ ಮೇಲಿನ ಗೆರೆಯನ್ನು ತೋರಿಸಿದರು. ತಗ್ಗಿನ ಸ್ವರಗಳಲ್ಲಿ ಗೆರೆ ನೆಟ್ಟಗಿತ್ತು. 2000 ಹರ್ಟ್ಸ್ ದಾಟಿದ ಮೇಲೆ ಕೋಟೆಯ ಗೋಡೆಯಿಂದ ಕಂದಕಕ್ಕೆ ಇಳಿದಂತೆ ಇಳಿದಿತ್ತು. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಕೋಶಗಳು ನಾಶವಾಗುತ್ತವೆ, ಹೆಚ್ಚಿನ ಕಂಪನದ ಧ್ವನಿಗಳನ್ನು ಹಿಡಿಯುವ ಭಾಗ ಮೊದಲು ಸೋಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ ಎಂದರು. ಮಾತಿನಲ್ಲಿ ಸ್ವರಾಕ್ಷರಗಳು ಚೆನ್ನಾಗಿ ಕೇಳುತ್ತವೆ. ಸ, ಶ ಮೊದಲಾದ ಅಕ್ಷರಗಳು ಜಾರಿಹೋಗುತ್ತವೆ. ಆದುದರಿಂದ ಇಂಥವರು ತಮಗೆ ಕೇಳಿಸುತ್ತದೆ, ಎದುರಿನವರೇ ಸರಿಯಾಗಿ ಉಚ್ಚರಿಸುವುದಿಲ್ಲ ಎಂದು ತಿಳಿಯುತ್ತಾರೆ.

ಈ ಕೊನೆಯ ಮಾತನ್ನು ವೈದ್ಯರು ಸಹಜವಾಗಿ ಆಡಿದರು. ನಮಗೆ ಮಾತ್ರ ಭಾಲ್ಕಿಯ ಹುಡುಗನೊಬ್ಬನ ಮುಖ ಕಣ್ಣ ಮುಂದೆ ಬಂದಿತು.

ಶನಿವಾರಕ್ಕೊಮ್ಮೆ ನಾವು ಭಾಲ್ಕಿಗೆ ಹೋಗಿ ಕೆಲವು ಮಕ್ಕಳಿಗೆ ವಚನವಾಚನವನ್ನು ಹೇಳಿಕೊಡುತ್ತೇವೆ. ಎರಡು ತಿಂಗಳ ಹಿಂದೆ ಏಳನೆಯ ತರಗತಿಯ ಒಬ್ಬನು ‘ಶರಣ’ ಎಂಬುದನ್ನು ‘ಸರಣ’ ಎನ್ನುತ್ತಾನೆಂದು ತಡೆದೆವು. ಅವನು ಮತ್ತೆ ಹೇಳಿದನು. ಮತ್ತೆ ತಡೆದೆವು. ಹತ್ತು ಸಲ ಹೇಳಿಸಿ, ಕೊನೆಗೆ ಎಲ್ಲರೆದುರು “ಈ ಒಂದು ಅಕ್ಷರ ಬಾರದವನು ವಚನ ಓದಬೇಡ” ಎಂದುಬಿಟ್ಟೆವು. ಅವನು ವಾದಿಸಲಿಲ್ಲ. ಮುಂದಿನ ಶನಿವಾರದಿಂದ ಹಿಂದಿನ ಸಾಲಿನಲ್ಲಿ ಕುಳಿತು ತುಟಿ ಆಡಿಸುತ್ತಿದ್ದನು.

ಕಿವಿಯ ಯಂತ್ರ ಕೈಗೆ ಬರುವವರೆಗೂ ನಾವು ಕಾಯಲಿಲ್ಲ. ಉದಗೀರದ ಕಡೆಗೆ ಹೋಗುವ ರೈಲು ಹಿಡಿದು ಭಾಲ್ಕಿಯಲ್ಲಿ ಇಳಿದೆವು. ಮಕ್ಕಳೆಲ್ಲ ಕೂಡಿದ ಮೇಲೆ ಅವರೆದುರೇ, ತಪ್ಪು ನಿನ್ನ ನಾಲಿಗೆಯದಲ್ಲ, ನಮ್ಮ ಕಿವಿಯದು ಎಂದು ಆ ಹುಡುಗನಿಗೆ ಕೈ ಮುಗಿದೆವು. ಅವನು ಗಾಬರಿಯಾಗಿ ನಮ್ಮ ಕೈಗಳನ್ನು ಹಿಡಿದು ಬಿಡಿಸಿದನು. ಸ್ವಲ್ಪ ಹೊತ್ತಿನ ನಂತರ ತಗ್ಗಿದ ದನಿಯಲ್ಲಿ, “ನಾ ಸರೀನೇ ಅಂದಿದ್ನ್ರಿ ಅಪ್ಪಾರ. ನಮ್ಮವ್ವನ ಮುಂದ ಅಂದು ನೋಡಿದ್ದೆ” ಎಂದನು. ತಾಯಿ ಸರಿ ಎಂದರೂ ಗುರು ತಪ್ಪು ಎಂದುದರಿಂದ ಅವನು ಎರಡು ತಿಂಗಳು ತನ್ನ ನಾಲಿಗೆಯನ್ನೇ ಸಂಶಯಿಸಿದ್ದನು.

ಈಗ ನಮ್ಮ ಎರಡೂ ಕಿವಿಗಳಲ್ಲಿ ಯಂತ್ರಗಳಿವೆ. ಮೊದಲ ದಿನ ಕಾಗದ ಮಡಿಚಿದರೆ ಬೆಚ್ಚಿದೆವು. ಹಿತ್ತಲಿನ ಯಂತ್ರದ ಗಡಿಯಾರ ಟಿಕ್ ಟಿಕ್ ಎನ್ನುವುದು ಪಡಸಾಲೆಗೇ ಕೇಳಿಸಿತು. ಎಷ್ಟು ವರ್ಷಗಳ ನಂತರವೋ ತಿಳಿಯದು. ತಮ್ಮನ ಮಗನಿಗೆ ದೂರವಾಣಿಯಲ್ಲಿ ತಿಳಿಸಿದಾಗ, ಹೊಸ ಬೆಲ್ಟಿನ ಸಪ್ಪಳವನ್ನು ತನಗೂ ಕೇಳಿಸಬೇಕೆಂದನು. ಸೊಸೆ ಮೊಬೈಲನ್ನು ಯಂತ್ರದ ಮುಂದೆ ಹಿಡಿದಳು.

ಆ ಶನಿವಾರ ಭಾಲ್ಕಿಯ ಹುಡುಗನನ್ನು ಮುಂದಿನ ಸಾಲಿಗೆ ಕರೆದು ಓದಿಸಿದೆವು. ‘ಶ’ಕಾರ ಸ್ಪಷ್ಟವಾಗಿತ್ತು. ‘ಭಕ್ತಿ’ಯನ್ನು ಮಾತ್ರ ‘ಬಕ್ತಿ’ ಎಂದನು. ತಡೆಯಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದೆವು. ಪಕ್ಕದ ಹುಡುಗನನ್ನು ಕೇಳಿದೆವು; ಅವನಿಗೂ ಹಾಗೆಯೇ ಕೇಳಿಸಿತ್ತು. ಆಗ ತಿದ್ದಿದೆವು.